ನಂಬದವನು ಬಿಡುವ ಎಳ್ಳುನೀರು

ದೇವರಿದ್ದಾನೆಂಬ ನಂಬಿಕೆ ನನ್ನಿಂದ ದೂರವಾಗಿ ಮೂವತ್ತು ವರ್ಷಗಳಾದವು. ಹಾಗಿದ್ದೂ ಪ್ರತಿ ಮಾರ್ಗಶಿರದಲ್ಲಿ ತಂದೆಯವರ ತಿಥಿಯಂದು ಮಡಿಯುಟ್ಟು, ಬೆರಳಿಗೆ ದರ್ಭೆಯ ಪವಿತ್ರ ಧರಿಸಿ, ಜನಿವಾರವನ್ನು ಬಲ ಹೆಗಲಿಗೆ ಬದಲಿಸಿಕೊಂಡು ಎಳ್ಳುನೀರು ಬಿಡುತ್ತೇನೆ. ಕಾಲೇಜಿನಲ್ಲಿ ಓದುತ್ತಿರುವ ಮಗಳು ಕಳೆದ ವರ್ಷ ನೇರವಾಗಿಯೇ ಕೇಳಿದಳು: ‘ಅಪ್ಪಾ, ನಂಬದೆ ಮಾಡುವುದು ನಾಟಕವಲ್ಲವೇ?’

ಪ್ರಶ್ನೆ ಹಳೆಯದು. ವಿಜಯನಗರ ಕಾಲದ ಮಾಧವನದೆಂದು ಹೇಳಲಾಗುವ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯದಲ್ಲೇ ಚಾರ್ವಾಕರ ಗೇಲಿಯಿದೆ. ಇಲ್ಲಿಟ್ಟ ಪಿಂಡ ಸತ್ತವರ ಹಸಿವನ್ನು ತಣಿಸುವುದಾದರೆ, ಪ್ರಯಾಣ ಹೊರಟವನಿಗೆ ಬುತ್ತಿ ಕಟ್ಟುವ ಶ್ರಮವೇಕೆ, ಮನೆಯಲ್ಲೇ ಅವನ ಹೆಸರಿನಲ್ಲಿ ಬಡಿಸಿದರಾಯಿತಲ್ಲ ಎಂಬ ತರ್ಕ ಅದು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಪಿಂಡ ಎಲ್ಲಿಗೂ ತಲುಪುವುದಿಲ್ಲವೆಂದೇ ನಾನೂ ತಿಳಿದಿದ್ದೇನೆ.

ಆದರೆ ಕರ್ಮಕ್ಕೆ ದೇವರು ಬೇಕೇಬೇಕೆಂದು ನಮ್ಮ ಪರಂಪರೆಯೂ ಒಮ್ಮತದಿಂದ ಹೇಳಿಲ್ಲ. ಯಜ್ಞವನ್ನು ಅತ್ಯಂತ ನಿಷ್ಠೆಯಿಂದ ಸಮರ್ಥಿಸಿದ ಮೀಮಾಂಸಕರಲ್ಲಿ ಕುಮಾರಿಲ ಭಟ್ಟನು ಸೃಷ್ಟಿಕರ್ತನೆಂಬ ಕಲ್ಪನೆಯನ್ನೇ ಖಂಡಿಸಿದ. ದೇವತೆಗೆ ಶರೀರವಿಲ್ಲ, ಅದು ಹವಿಸ್ಸನ್ನು ಉಣ್ಣುವುದೂ ಇಲ್ಲ ಎಂದು ಶಬರನ ಭಾಷ್ಯ ವಾದಿಸುತ್ತದೆ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದಾಗ, ಆ ಐವತ್ತೆಂಟು ಅಡಿಯ ಮೂರ್ತಿಯ ಮೇಲೆ ಹಾಲು, ಅರಿಸಿನ, ಚಂದನ ಇಳಿಯುವುದನ್ನು ಕಂಡೆ. ಜೈನರ ಬಾಹುಬಲಿ ಜಗತ್ತನ್ನು ಸೃಷ್ಟಿಸಿದವನಲ್ಲ, ಮುಕ್ತನಾದ ಜೀವ. ಅವನು ಅಭಿಷೇಕವನ್ನು ಸ್ವೀಕರಿಸುವುದಿಲ್ಲ, ವರವನ್ನು ಕೊಡುವುದಿಲ್ಲ. ಪೂಜೆಯಿಂದ ಬದಲಾಗಬೇಕಾದವನು ಪೂಜಿಸುವವನೇ.

ಈ ಆಸರೆಗಳು ನನಗೆ ಅರ್ಧ ಮಾತ್ರ ಒದಗುತ್ತವೆ. ಮೀಮಾಂಸಕನಿಗೆ ವೇದವಾಕ್ಯವಿದೆ, ಜೈನನಿಗೆ ಮೋಕ್ಷಮಾರ್ಗವಿದೆ. ನನಗಿರುವುದು ಕೆಲವು ಹೆಸರುಗಳು. ಮುತ್ತಾತನ ಹೆಸರು ನನ್ನ ಬಾಯಲ್ಲಿ ಬರುವುದು ವರ್ಷಕ್ಕೊಮ್ಮೆ, ತಂದೆ, ತಾತ, ಮುತ್ತಾತ ಎಂದು ಮೂರು ತಲೆಮಾರುಗಳನ್ನು ವಸು, ರುದ್ರ, ಆದಿತ್ಯರ ರೂಪದಲ್ಲಿ ಕರೆಯುವ ಆ ಗಳಿಗೆಯಲ್ಲಿ ಮಾತ್ರ. ಅವರಿಗೆ ಸಲ್ಲಬೇಕಾದ ಋಣವೊಂದು ನನ್ನ ಮೇಲಿದೆ ಎಂಬುದನ್ನು ಒಪ್ಪಲು ದೇವರ ಸಾಕ್ಷ್ಯ ಬೇಕೆನಿಸುವುದಿಲ್ಲ. ಮಗಳಿಗೆ ಇಷ್ಟನ್ನೇ ಹೇಳಿದೆ. ಅವಳು ಸುಮ್ಮನಾಗಲಿಲ್ಲ. ‘ಹಾಗಾದರೆ ಅತ್ತೆ ಯಾಕೆ ಅಡುಗೆಮನೆಯಲ್ಲೇ ಇರಬೇಕು?’ ಎಂದಳು.

ಅಲ್ಲಿ ನಾನು ಸಿಕ್ಕಿಬಿದ್ದೆ. ತಂದೆಯವರ ಕೊನೆಯ ಎರಡು ವರ್ಷ ಅವರನ್ನು ಎತ್ತಿ, ಕೂರಿಸಿ, ಉಣಿಸಿ ನೋಡಿಕೊಂಡವಳು ಅಕ್ಕ. ನಾನಾಗ ಬೇರೆ ಊರಿನ ನೌಕರಿಯಲ್ಲಿದ್ದು, ಹಣ ಕಳುಹಿಸುತ್ತಿದ್ದೆ. ಪಿತೃಲೋಕವಿದೆಯೆಂದು ಮನಸಾರೆ ನಂಬಿದವಳು ತಿಥಿಯ ದಿನ ವಡೆ ಕರಿಯುತ್ತಾಳೆ. ಏನನ್ನೂ ನಂಬದ ನಾನು ಮಗನೆಂಬ ಒಂದೇ ಅಧಿಕಾರದಿಂದ ಎಳ್ಳುನೀರು ಬಿಡುತ್ತೇನೆ. ನಂಬುವವನಾದರೆ ಇದು ಶಾಸ್ತ್ರದ ಕಟ್ಟಳೆ, ಮೀರಲು ತಾನು ಯಾರು ಎಂದಾದರೂ ಹೇಳಬಹುದು. ಕಟ್ಟಳೆಯ ಹಿಂದೆ ಯಾವ ದೈವಾಜ್ಞೆಯೂ ಇಲ್ಲವೆನ್ನುವ ನನಗೆ ಆ ನೆಪವೂ ಇಲ್ಲ. ನಂಬಿಕೆಯನ್ನು ಬಿಟ್ಟು ಆಚರಣೆಯನ್ನು ಉಳಿಸಿಕೊಂಡವನು ಅದರೊಳಗಿನ ಅನ್ಯಾಯಕ್ಕೆ ತಾನೇ ಹೊಣೆಗಾರನಾಗುತ್ತಾನೆ. ಜಾತಿಯ ಮಡಿ, ಪಂಕ್ತಿಭೇದಗಳಿಗೂ ಈ ಮಾತು ಸಲ್ಲುತ್ತದೆ. ಇಷ್ಟು ಸರಳ ಸಂಗತಿ ಹೊಳೆಯಲು ನನಗೆ ಮಗಳ ಪ್ರಶ್ನೆ ಬೇಕಾಯಿತು.

ಈ ಸಲ ಪುರೋಹಿತರಿಗೆ ಮೊದಲೇ ತಿಳಿಸಿದೆ. ಅಂಥ ಪದ್ಧತಿಯಿಲ್ಲ ಎಂದರು, ಸಿಟ್ಟಾಗಲಿಲ್ಲ. ದಕ್ಷಿಣೆ ಪಡೆದು ಹೊರಡುವಾಗ ಎಳ್ಳಿನ ಬಟ್ಟಲನ್ನು ಎತ್ತಿಡದೆ ಅಲ್ಲೇ ಬಿಟ್ಟರು. ಅಕ್ಕ ಸೆರಗಿಗೆ ಕೈಯೊರೆಸಿಕೊಂಡು ಬಂದು ತಾಯಿಯ ಮುಖ ನೋಡಿದಳು. ತಾಯಿ ಏನೂ ಹೇಳದೆ ನೀರಿನ ಚೊಂಬನ್ನು ಅವಳತ್ತ ಸರಿಸಿದರು. ಮಂತ್ರ ಅವಳಿಗೆ ಬಾರದು. ಹೆಬ್ಬೆರಳು ತೋರುಬೆರಳ ನಡುವಿನಿಂದ ನೀರು ಇಳಿಯಬೇಕೆಂದು ನಾನು ತೋರಿಸಿಕೊಟ್ಟೆ. ಅಪ್ಪನ ಹೆಸರು ಹೇಳಿ ಮೂರು ಸಲ ಬಿಟ್ಟಳು.