ಕನಿಷ್ಠ ದರವೂ ನ್ಯಾಯದ ದರವೂ: ಹಾಗಲವಾಡಿ ಸೀಮೆಯಿಂದ ಸಂಸ್ಥೆಗಳ ಖರೀದಿಯ ಕಡೆಗೆ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಾಗಲವಾಡಿ ಒಂದು ಕಾಲಕ್ಕೆ ತನ್ನದೇ ಪಾಳೆಯಪಟ್ಟಿನ ರಾಜಧಾನಿಯಾಗಿತ್ತು. ಈಗ ಅದು ರಾಗಿ, ತೆಂಗು, ಅಡಿಕೆಗಳನ್ನು ನೆಚ್ಚಿಕೊಂಡ ಹಳ್ಳಿಗಳ ನಡುವಿನ ಒಂದು ಊರು. ಇಂಥ ಸೀಮೆಯಲ್ಲಿ ಮಳೆ ಬರಲಿ ಬಾರದಿರಲಿ, ವರ್ಷವಿಡೀ ತಪ್ಪದೆ ಕೊಳ್ಳುವ ಗಿರಾಕಿಗಳೆಂದರೆ ಸಂಸ್ಥೆಗಳು. ಗ್ರಾಮ ಪಂಚಾಯಿತಿ ಬೀದಿದೀಪವನ್ನೂ ಪಂಪ್‌ಸೆಟ್ಟನ್ನೂ ಕೊಳ್ಳುತ್ತದೆ, ಶಾಲೆಯ ಬಿಸಿಯೂಟಕ್ಕೆ ತರಕಾರಿ ಬೇಕಾಗುತ್ತದೆ, ಅಂಗನವಾಡಿಗೆ ಮೊಟ್ಟೆ, ವಿದ್ಯಾರ್ಥಿನಿಲಯಕ್ಕೆ ದಿನಸಿ, ಆಸ್ಪತ್ರೆಗೆ ಶುಚಿಗೊಳಿಸುವ ಸಿಬ್ಬಂದಿ, ಸಹಕಾರ ಸಂಘಕ್ಕೆ ಗೊಬ್ಬರ ಬೇಕಾಗುತ್ತದೆ. ಒಂದು ಮನೆಯವರು ಅಂಗಡಿ ಬದಲಾಯಿಸಿದರೆ ಮಾರುಕಟ್ಟೆಯಲ್ಲಿ ಏನೂ ವ್ಯತ್ಯಾಸವಾಗದು. ಆದರೆ ಇಷ್ಟು ಸಂಸ್ಥೆಗಳು ತಮ್ಮ ಖರೀದಿಯ ಕ್ರಮವನ್ನು ಬದಲಾಯಿಸಿದರೆ ಯಾವ ಬೆಳೆಗೆ ಬೆಲೆ ಸಿಕ್ಕೀತು, ಯಾರಿಗೆ ಕೂಲಿ ದಕ್ಕೀತು, ಊರ ಹೊರಗಿನ ತಿಪ್ಪೆಗೆ ಏನು ಬಿದ್ದೀತು ಎಂಬುದೆಲ್ಲವೂ ಬದಲಾಗುತ್ತದೆ.

ಈ ಅರಿವಿನಿಂದ ಕೊಳ್ಳುವ ಕ್ರಮವನ್ನೇ ಸುಸ್ಥಿರ ಮತ್ತು ನೈತಿಕ ಖರೀದಿ ಎಂದು ಕರೆಯಲಾಗುತ್ತದೆ. ಒಂದು ವಸ್ತು ತಯಾರಾಗುವಾಗ, ಬಳಕೆಯಲ್ಲಿರುವಾಗ, ಕೊನೆಗೆ ಕಸವಾಗುವಾಗ ನೆಲ, ನೀರು, ಗಾಳಿಗಳಿಗೆ ಆಗುವ ಹಾನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದರ ಒಂದು ಅಂಗವಾದರೆ, ಆ ವಸ್ತುವಿನ ಹಿಂದೆ ದುಡಿದವರಿಗೆ ನ್ಯಾಯವಾದ ಕೂಲಿ, ಸುರಕ್ಷತೆ, ಸಕಾಲದಲ್ಲಿ ಹಣ ದೊರೆತಿದೆಯೇ ಎಂದು ನೋಡುವುದು ಇನ್ನೊಂದು ಅಂಗ. ವಿಶ್ವಸಂಸ್ಥೆಯು 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳ ಪೈಕಿ 12ನೆಯದರಲ್ಲಿ ಸರ್ಕಾರಿ ಖರೀದಿಯ ಸುಧಾರಣೆಯೂ ಸೇರಿದೆ. ಸಂಸ್ಥೆಗಳಿಗೆ ದಾರಿ ತೋರಲೆಂದು ಐಎಸ್‌ಒ 20400 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2017ರಲ್ಲಿ ಪ್ರಕಟವಾಯಿತು. ಆದರೆ ಈ ವಿಚಾರವನ್ನು ಅರಿಯಲು ವಿದೇಶದವರೆಗೆ ಹೋಗಬೇಕಾಗಿಲ್ಲ, ಗುಬ್ಬಿ ಸೀಮೆಯ ರಾಗಿ ಹೊಲದಿಂದಲೇ ಆರಂಭಿಸಬಹುದು.

ದೇಶದಲ್ಲಿ ಬೆಳೆಯುವ ರಾಗಿಯ ಅರ್ಧಕ್ಕಿಂತ ಹೆಚ್ಚು ಪಾಲು ಕರ್ನಾಟಕದ್ದು, ಕರ್ನಾಟಕದೊಳಗೆ ತುಮಕೂರು ಮುಂಚೂಣಿಯ ರಾಗಿ ಜಿಲ್ಲೆಗಳಲ್ಲಿ ಒಂದು. ಮಳೆಯಾಶ್ರಿತ ಕೆಂಪು ನೆಲದಲ್ಲಿ ಬೆಳೆಯುವ, ಭತ್ತಕ್ಕೆ ಹೋಲಿಸಿದರೆ ಅತ್ಯಲ್ಪ ನೀರನ್ನು ಬೇಡುವ, ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುವ, ಹುಲ್ಲನ್ನೂ ದನಗಳಿಗೆ ಒದಗಿಸುವ ಈ ಧಾನ್ಯ ಪರಿಸರದ ದೃಷ್ಟಿಯಿಂದ ಇಲ್ಲಿನ ನೆಲಕ್ಕೆ ಹೇಳಿ ಮಾಡಿಸಿದ ಬೆಳೆ. ಆದರೂ ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಒಟ್ಟಿಗೇ ಮಾಲು ಮಾರುಕಟ್ಟೆಗೆ ಬಂದಾಗ ದರ ಕುಸಿಯುತ್ತದೆ. ಸಾಲ ತೀರಿಸಬೇಕಾದ ಸಣ್ಣ ರೈತ ಕಾಯಲಾರದೆ ಬಂದಷ್ಟಕ್ಕೆ ಮಾರುತ್ತಾನೆ. ಈ ಹಂತದಲ್ಲಿ ಸರ್ಕಾರವು ಬೆಂಬಲ ಬೆಲೆಯಲ್ಲಿ, ಅಂದರೆ ಮಾರುಕಟ್ಟೆ ದರ ಎಷ್ಟೇ ಇಳಿದರೂ ಕೊಡುವುದಾಗಿ ಮೊದಲೇ ಘೋಷಿಸಿದ ಬೆಲೆಯಲ್ಲಿ, ರಾಗಿಯನ್ನು ಕೊಂಡು ದಕ್ಷಿಣ ಕರ್ನಾಟಕದ ಪಡಿತರ ಚೀಟಿದಾರರಿಗೆ ಹಂಚುತ್ತದೆ. ಆ ಬೆಲೆ 2024–25ರ ಹಂಗಾಮಿಗೆ ಕ್ವಿಂಟಲ್‌ಗೆ 4,290 ರೂಪಾಯಿ ಇದ್ದದ್ದು 2025–26ಕ್ಕೆ 4,886 ರೂಪಾಯಿಗೆ ಏರಿತು.

ನೈತಿಕ ಖರೀದಿಯ ಲಕ್ಷಣಗಳೆಂದು ತಜ್ಞರು ಹೇಳುವ ಬಹುಪಾಲು ಅಂಶಗಳು ಈ ಒಂದು ಏರ್ಪಾಟಿನಲ್ಲಿ ಕೂಡಿವೆ: ಬೆಲೆ ಮೊದಲೇ ಗೊತ್ತು, ಮಾರುವವನು ಬೆಳೆದವನೇ ಎಂಬುದು ನೋಂದಣಿಯಿಂದ ಖಚಿತ, ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆ, ಕೊಂಡ ಮಾಲು ಅದೇ ಸೀಮೆಯ ಜನರ ಊಟದ ತಟ್ಟೆಗೆ. ಅದರ ಕೊರತೆಗಳೂ ಅಷ್ಟೇ ಸ್ಪಷ್ಟ. ಒಬ್ಬ ರೈತನಿಂದ ಇಷ್ಟೇ ಕ್ವಿಂಟಲ್ ಎಂಬ ಮಿತಿ, ನೋಂದಣಿಯ ಸರದಿ, ಖರೀದಿ ಕೇಂದ್ರ ತೆರೆಯುವುದರಲ್ಲಿ ತಡ, ಹಣ ಜಮೆಯಾಗುವುದರಲ್ಲಿ ಇನ್ನಷ್ಟು ತಡ ಇವುಗಳಿಂದಾಗಿ ಬೆಂಬಲ ಬೆಲೆಯ ನೆರಳು ತೀರ ಅಗತ್ಯವಿದ್ದವರ ಮೇಲೆಯೇ ಕೆಲವೊಮ್ಮೆ ಬೀಳುವುದಿಲ್ಲ. ಉದಾರವಾದ ಬೆಲೆಯನ್ನು ಘೋಷಿಸಿ ಮೂರು ತಿಂಗಳ ಮೇಲೆ ಹಣ ಕೊಡುವ ಗಿರಾಕಿಗಿಂತ ಸ್ವಲ್ಪ ಕಡಿಮೆಗೆ ಕೊಂಡರೂ ಅಂದೇ ಹಣ ಎಣಿಸುವ ಮಂಡಿಯವನು ರೈತನಿಗೆ ಹತ್ತಿರದವನಾಗಿ ಕಾಣುವುದು ಸಹಜ. ಸಾರ್ವಜನಿಕ ಖರೀದಿಯ ನೈತಿಕತೆಯನ್ನು ಅಳೆಯುವಾಗ ಬೆಲೆಯಷ್ಟೇ ತೂಕವನ್ನು ಕಾಲಕ್ಕೂ ಕೊಡಬೇಕು.

ರಾಗಿಯಂತೆಯೇ ಮಕ್ಕಳ ಆಹಾರದ ಖರೀದಿಯಲ್ಲೂ ಇಂಥ ಏರ್ಪಾಟುಗಳಿವೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ ಹಾಲು ಬರುವುದು ಕರ್ನಾಟಕ ಹಾಲು ಮಹಾಮಂಡಳದಿಂದ. ಹೀಗಾಗಿ ಹಳ್ಳಿಯ ಡೇರಿಗೆ ಬೆಳಿಗ್ಗೆ ಹಾಲು ಹಾಕುವ ಮನೆಯ ಮಗುವೇ ಆ ಹಾಲಿನ ಪುಡಿಯಿಂದ ಮಾಡಿದ ಹಾಲನ್ನು ಶಾಲೆಯಲ್ಲಿ ಕುಡಿಯುವಂತಾಯಿತು. 2024ರಿಂದ ಆ ಹಾಲಿಗೆ ರಾಗಿ ಮಾಲ್ಟ್ ಕೂಡ ಸೇರಿದೆ. ಅಂಗನವಾಡಿಗಳ ಆಹಾರದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಸ್ಪಷ್ಟ ಆದೇಶ ನೀಡಿ, ಪೌಷ್ಟಿಕ ಆಹಾರದ ಪೂರೈಕೆಗೆ ಗುತ್ತಿಗೆದಾರರನ್ನು ಬಳಸಬಾರದು, ಸ್ವಸಹಾಯ ಸಂಘಗಳಿಗೂ ಮಹಿಳಾ ಮಂಡಳಿಗಳಿಗೂ ಆದ್ಯತೆ ಇರಬೇಕು ಎಂದು ಹೇಳಿತು. ಕರ್ನಾಟಕದಲ್ಲಿ ಮಹಿಳೆಯರೇ ನಡೆಸುವ ಪೂರಕ ಪೌಷ್ಟಿಕ ಆಹಾರ ತಯಾರಿಕಾ ಮತ್ತು ತರಬೇತಿ ಕೇಂದ್ರಗಳು ಈ ಕೆಲಸವನ್ನು ವಹಿಸಿಕೊಂಡಿವೆ. ಕೆಲವು ಕಡೆ ಹೆಸರು ಮಹಿಳೆಯರದು, ಹಿಡಿತ ಬೇರೆಯವರದು ಎಂಬ ಆಕ್ಷೇಪಗಳೂ ಕೇಳಿಬಂದಿವೆ. ಆದ್ದರಿಂದ ಯಾರ ಹೆಸರಿಗೆ ಆದೇಶ ಹೋಯಿತು ಎಂಬುದನ್ನು ನೋಡಿದರೆ ಸಾಲದು, ಹಣ ಕೊನೆಗೆ ಯಾರ ಕೈ ಸೇರಿತು ಎಂಬುದನ್ನೂ ಹಿಂಬಾಲಿಸಿ ನೋಡಬೇಕಾಗುತ್ತದೆ.

ಇಷ್ಟಾದರೂ ಬಹುತೇಕ ಕಚೇರಿಗಳಲ್ಲಿ ಖರೀದಿಯ ಮಾತು ಬಂದೊಡನೆ ಎದುರಾಗುವ ಉತ್ತರ ಒಂದೇ: ಕಡಿಮೆ ದರ ನಮೂದಿಸಿದವರಿಗೆ ಕೊಡದಿದ್ದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ. ಈ ಭಯ ಅಕಾರಣವಾದುದಲ್ಲ. ಸಾರ್ವಜನಿಕ ಹಣದ ಖರೀದಿಯಲ್ಲಿ ಪಕ್ಷಪಾತವನ್ನು ತಡೆಯಲೆಂದೇ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಬಂತು, ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಖರೀದಿಗೆ ಟೆಂಡರ್ ಕಡ್ಡಾಯವಾಯಿತು, ಅತಿ ಕಡಿಮೆ ದರದವರನ್ನು ‘ಎಲ್‌–1’ ಎಂದು ಗುರುತಿಸುವ ಪದ್ಧತಿ ನೆಲೆಗೊಂಡಿತು. ಆದರೆ ಕಾನೂನು ಕಳಪೆ ಮಾಲನ್ನು ಕೊಳ್ಳಿರೆಂದು ಎಲ್ಲಿಯೂ ಹೇಳುವುದಿಲ್ಲ. ಟೆಂಡರ್ ದಾಖಲೆಯಲ್ಲಿ ಮುಂಚಿತವಾಗಿ ಪ್ರಕಟಿಸಿದ ಮಾನದಂಡಗಳ ಮೇಲೆಯೇ ಮೌಲ್ಯಮಾಪನ ನಡೆಯಬೇಕೆಂಬುದು ಅದರ ಆಶಯ. ಹೀಗಾಗಿ ಮಾಲಿನ ಗುಣ, ಬಾಳಿಕೆ, ವಿದ್ಯುತ್ ಬಳಕೆ, ಕಾರ್ಮಿಕರ ಕೂಲಿಯ ದಾಖಲೆ, ಹಳೆಯ ಸಾಮಗ್ರಿಯನ್ನು ಹಿಂದಕ್ಕೆ ಪಡೆಯುವ ಷರತ್ತು ಮುಂತಾದವನ್ನು ತಾಂತ್ರಿಕ ವಿವರಣೆಯಲ್ಲಿ ಮೊದಲೇ ಬರೆದಿಟ್ಟರೆ, ಆ ಷರತ್ತುಗಳನ್ನು ಪೂರೈಸಿದವರ ನಡುವೆಯಷ್ಟೇ ದರದ ಸ್ಪರ್ಧೆ ನಡೆಯುತ್ತದೆ. ಖರೀದಿಯ ನೈತಿಕತೆ ನಿರ್ಧಾರವಾಗುವುದು ದರದ ಲಕೋಟೆ ತೆರೆಯುವ ದಿನದಂದಲ್ಲ, ವಿವರಣೆ ಬರೆಯುವ ದಿನದಂದು. ಹಳೆಯ ಟೆಂಡರಿನ ಪ್ರತಿಯನ್ನು ತಾರೀಕು ತಿದ್ದಿ ಹೊರಡಿಸುವ ಅಭ್ಯಾಸವೇ ಈ ವಿಷಯದಲ್ಲಿ ದೊಡ್ಡ ಅಡ್ಡಿ.

ಕಡಿಮೆ ದರದ ವಸ್ತು ಕಡಿಮೆ ಖರ್ಚಿನದಾಗಿರಬೇಕೆಂದೂ ಇಲ್ಲ. ಕೊಳ್ಳುವ ಬೆಲೆಗೆ ಬಳಕೆಯ ಖರ್ಚು, ದುರಸ್ತಿ, ಕೊನೆಯ ವಿಲೇವಾರಿಗಳನ್ನು ಕೂಡಿಸಿ ತೆಗೆಯುವ ಮೊತ್ತಕ್ಕೆ ಜೀವನಚಕ್ರ ವೆಚ್ಚ ಎಂದು ಹೆಸರು. ಒಂದು ಪಂಚಾಯಿತಿಯು 100 ವಾಟ್‌ನ ಬೀದಿದೀಪದ ಬದಲು ಅಷ್ಟೇ ಬೆಳಕು ಕೊಡುವ 40 ವಾಟ್‌ನ ದೀಪವನ್ನು ಹಾಕಿಸಿತು, ದೀಪ ಪ್ರತಿ ರಾತ್ರಿ 11 ಗಂಟೆಗಳ ಕಾಲ ಉರಿಯುತ್ತದೆ ಎಂದುಕೊಂಡರೆ, ಒಂದು ಕಂಬದಲ್ಲೇ ವರ್ಷಕ್ಕೆ ಸುಮಾರು 240 ಯೂನಿಟ್ ವಿದ್ಯುತ್ ಉಳಿಯುತ್ತದೆ. 50 ಕಂಬಗಳಿಗೆ ಅದು 12,000 ಯೂನಿಟ್. ದೀಪದ ಬೆಲೆಯಲ್ಲಿನ ಕೆಲವು ನೂರು ರೂಪಾಯಿಗಳ ವ್ಯತ್ಯಾಸ ಈ ಉಳಿತಾಯದ ಮುಂದೆ ಬೇಗನೆ ತೀರಿಹೋಗುತ್ತದೆ. ಕುಡಿಯುವ ನೀರಿನ ಕೊಳವೆಬಾವಿಗಳನ್ನೇ ನಂಬಿರುವ ಈ ಸೀಮೆಯಲ್ಲಿ ಪಂಪು ಮೋಟಾರುಗಳ ವಿಷಯದಲ್ಲಿ ಇದೇ ಲೆಕ್ಕ ಇನ್ನೂ ಮುಖ್ಯವಾಗುತ್ತದೆ, ಏಕೆಂದರೆ ಅಗ್ಗದ ಮೋಟಾರು ಸುಟ್ಟುಹೋದಾಗ ಬರುವ ರಿವೈಂಡಿಂಗ್ ಖರ್ಚಿನ ಜೊತೆಗೆ ಊರಿಗೆ ನೀರಿಲ್ಲದ ದಿನಗಳೂ ಸೇರುತ್ತವೆ. ಆ ದಿನಗಳ ಲೆಕ್ಕ ಯಾವ ಬಿಲ್ಲಿನಲ್ಲೂ ಕಾಣಿಸದು.

ವಸ್ತುವಿನ ಖರೀದಿಗಿಂತ ಸೂಕ್ಷ್ಮವಾದುದು ಮನುಷ್ಯರ ದುಡಿಮೆಯ ಖರೀದಿ. ಆಸ್ಪತ್ರೆ, ವಿದ್ಯಾರ್ಥಿನಿಲಯ, ಕಾರ್ಖಾನೆ, ಕಾಲೇಜುಗಳಲ್ಲಿ ಶುಚಿತ್ವ, ಕಾವಲು, ಅಡುಗೆಯ ಕೆಲಸಗಳು ಹೊರಗುತ್ತಿಗೆಗೆ ಹೋಗಿವೆ. ಇಲ್ಲಿ ಸ್ಪರ್ಧಿಸುವ ಏಜೆನ್ಸಿಗಳು ತಮ್ಮ ಸೇವಾಶುಲ್ಕವನ್ನು ಬಹುತೇಕ ಸೊನ್ನೆಯ ಹತ್ತಿರಕ್ಕೆ ಇಳಿಸಿ ದರ ನಮೂದಿಸುವುದುಂಟು. ಯಾವ ಲಾಭವೂ ಇಲ್ಲದೆ ಯಾರೂ ವ್ಯವಹಾರ ಮಾಡುವುದಿಲ್ಲವಾದ್ದರಿಂದ, ಅಂಥ ದರದ ಅರ್ಥ ಒಂದೇ: ಆ ಲಾಭ ಕಾರ್ಮಿಕನ ಕೂಲಿಯಿಂದಲೋ, ಅವನ ಭವಿಷ್ಯನಿಧಿಯಿಂದಲೋ, ಇಎಸ್‌ಐ ವಂತಿಗೆಯಿಂದಲೋ, ಕೈಗವಸು ಬೂಟುಗಳನ್ನು ಕೊಡದೆ ಉಳಿಸಿದ ಹಣದಿಂದಲೋ ಬರಬೇಕು. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ, ಅಂದರೆ ಮೂಲ ಉದ್ಯೋಗದಾತನೇ, ಅದನ್ನು ತುಂಬಿಕೊಡಬೇಕೆಂಬ ತತ್ತ್ವ 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯ ಕಾಲದಿಂದ ನಮ್ಮ ಕಾನೂನಿನಲ್ಲಿದೆ. ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಪೌರಕಾರ್ಮಿಕರ ಗುತ್ತಿಗೆ ಪದ್ಧತಿಯನ್ನು ಕೈಬಿಟ್ಟು ಅವರ ಖಾತೆಗೆ ನೇರವಾಗಿ ವೇತನ ಪಾವತಿಸುವ ಕ್ರಮ ಜಾರಿಗೆ ಬಂದದ್ದು ಪೌರಕಾರ್ಮಿಕರ ದೀರ್ಘ ಹೋರಾಟದ ಫಲ. ಕೆಲವು ದುಡಿಮೆಗಳನ್ನು ಟೆಂಡರಿನ ಮೂಲಕ ಕೊಳ್ಳುವುದೇ ತಪ್ಪು ಎಂಬ ನಿಲುವಿಗೆ ಅದು ಗಟ್ಟಿಯಾದ ಆಧಾರ.

ಖರೀದಿಯನ್ನು ಸಾಮಾಜಿಕ ನ್ಯಾಯದ ಸಾಧನವಾಗಿ ಬಳಸುವ ಯತ್ನಗಳೂ ನಡೆದಿವೆ. ಪಾರದರ್ಶಕತೆ ಅಧಿನಿಯಮಕ್ಕೆ ತಂದ ತಿದ್ದುಪಡಿಯ ಮೂಲಕ ಕರ್ನಾಟಕವು ನಿಗದಿತ ಮೊತ್ತದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95ರಷ್ಟನ್ನು ಮೀಸಲಿಟ್ಟಿತು. ಕೇಂದ್ರ ಸರ್ಕಾರದ 2012ರ ಆದೇಶ ಮತ್ತು ಅದರ ಮುಂದಿನ ತಿದ್ದುಪಡಿಗಳ ಪ್ರಕಾರ ಕೇಂದ್ರ ಸರ್ಕಾರಿ ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯ ಕನಿಷ್ಠ ಶೇ. 25ನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು; ಅದರೊಳಗೆ ಶೇ. 4 ಪರಿಶಿಷ್ಟರ, ಶೇ. 3 ಮಹಿಳೆಯರ ಉದ್ಯಮಗಳಿಗೆ ಸಲ್ಲಬೇಕು. ಗುಬ್ಬಿ ತಾಲ್ಲೂಕಿಗೆ ಈ ನಿಯಮ ದೂರದ ಸಂಗತಿಯಾಗಿ ಉಳಿದಿಲ್ಲ. ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ತಲೆಯೆತ್ತಿದ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಮೇಲೆ ಅಂಥ ಕೇಂದ್ರ ಸರ್ಕಾರಿ ಉದ್ಯಮವಾದ ದೊಡ್ಡ ಖರೀದಿದಾರ ಸಂಸ್ಥೆಯೊಂದು ತಾಲ್ಲೂಕಿನೊಳಗೇ ಬಂದು ನಿಂತಂತಾಗಿದೆ. ಹೆಲಿಕಾಪ್ಟರಿನ ಬಿಡಿಭಾಗಗಳನ್ನು ಹಾಗಲವಾಡಿಯಲ್ಲಿ ತಯಾರಿಸಲು ಸದ್ಯಕ್ಕೆ ಆಗದಿರಬಹುದು; ಆದರೆ ಕ್ಯಾಂಟೀನಿನ ತರಕಾರಿ, ಹಾಲು, ಸಮವಸ್ತ್ರದ ಹೊಲಿಗೆ, ವಾಹನ, ತೋಟಗಾರಿಕೆಯ ಕೆಲಸಗಳಿಗೆ ಸುತ್ತಲಿನ ಸಂಘಗಳು ನೋಂದಾಯಿತ ಪೂರೈಕೆದಾರರಾಗಿ ಬೆಳೆಯಬಾರದೇಕೆ?

ಹಾಗೆ ಬೆಳೆಯಬೇಕಾದರೆ ಅವರ ಬಿಲ್ಲು ಸಕಾಲದಲ್ಲಿ ಪಾವತಿಯಾಗಬೇಕು. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯಿದೆ ಇದಕ್ಕೆ ಗರಿಷ್ಠ 45 ದಿನಗಳ ಗಡುವನ್ನು ಹಾಕಿ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ವಿಧಿಸುತ್ತದೆ. ಬಿಲ್ಲಿಗಾಗಿ ಕಚೇರಿ ಸುತ್ತುವ ಸಣ್ಣ ಪೂರೈಕೆದಾರರಲ್ಲಿ ಈ ಕಾನೂನನ್ನು ತಿಳಿದವರು ಕಡಿಮೆ, ತಿಳಿದೂ ಬಳಸುವ ಧೈರ್ಯವುಳ್ಳವರು ಮತ್ತೂ ಕಡಿಮೆ.

ಸ್ಥಳೀಯರಿಂದ ಕೊಂಡದ್ದೆಲ್ಲ ತಾನಾಗಿ ಒಳ್ಳೆಯದಾಗಿಬಿಡುವುದಿಲ್ಲ ಎಂಬ ಎಚ್ಚರವೂ ಅಗತ್ಯ. ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಕರ್ನಾಟಕ 2016ರಲ್ಲಿ ನಿಷೇಧಿಸಿದ ಮೇಲೆ ಅಡಿಕೆ ಹಾಳೆಯ ತಟ್ಟೆಗೆ ಬೇಡಿಕೆ ಬಂತು. ತೋಟದಲ್ಲಿ ಉದುರಿ ಕೊಳೆಯುತ್ತಿದ್ದ ಹಾಳೆ ಆದಾಯವಾಯಿತು. ಸಭೆ ಸಮಾರಂಭಗಳಿಗೆ ಅದು ಪ್ಲಾಸ್ಟಿಕ್ಕಿಗಿಂತ ನಿಸ್ಸಂದೇಹವಾಗಿ ಮೇಲು. ಆದರೆ ಅಡಿಕೆಯ ಅಂಶಗಳು ಆಹಾರಕ್ಕೆ ಸೇರಬಹುದೆಂಬ ಕಾರಣದಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಈ ತಟ್ಟೆಗಳ ಬಗ್ಗೆ ಆಕ್ಷೇಪ ಎತ್ತಿತು. ನಿತ್ಯವೂ ಮಕ್ಕಳಿಗೆ ಊಟ ಬಡಿಸುವ ಶಾಲೆ, ವಿದ್ಯಾರ್ಥಿನಿಲಯಗಳಿಗೆ ತೊಳೆದು ಬಳಸುವ ಸ್ಟೀಲ್ ತಟ್ಟೆಯೇ ಸರಿಯಾದ ಆಯ್ಕೆ. ಎಸೆಯುವ ವಸ್ತುವನ್ನು ಕೊಳ್ಳದಿರುವುದೂ ಖರೀದಿಯ ತೀರ್ಮಾನಗಳಲ್ಲಿ ಒಂದು.

ಪಡೆದುದಕ್ಕೆ ತಕ್ಕ ಪಾಲನ್ನು ಕೊಡುವುದು ಹೇಗೆ ಎಂಬುದಕ್ಕೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲೇ ಒಂದು ಮಾದರಿ ಇದೆ. ಅಲ್ಲಿನ ರೈತ ಕುಟುಂಬವೊಂದರ ತೋಟದ ಕೆಂಪು ತೊಳೆಯ ಹಲಸನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ, ‘ಸಿದ್ದು’ ಎಂಬ ಹೆಸರಿನಲ್ಲಿ ಕಸಿ ಸಸಿಗಳನ್ನು ಬೆಳೆಸಿತು. ತಳಿಯನ್ನು ಒಯ್ದು ಮೂಲ ಮಾಲೀಕರನ್ನು ಮರೆಯುವ ಬದಲು, ಸಸಿ ಮಾರಾಟದ ಆದಾಯದಲ್ಲಿ ಶೇ. 75 ಪಾಲು ಆ ಕುಟುಂಬಕ್ಕೇ ಸಲ್ಲುವಂತೆ ಸಂಸ್ಥೆ ಒಪ್ಪಂದ ಮಾಡಿಕೊಂಡಿತು. ಸಾರ್ವಜನಿಕ ಸಂಸ್ಥೆಯೊಂದು ಕೊಡುವವರನ್ನು ಪಾಲುದಾರರಂತೆ ಕಂಡರೆ ಇಬ್ಬರಿಗೂ ನಷ್ಟವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಈ ಸೀಮೆಗೆ ಬೇಕಾಗಿಲ್ಲ.

ಸಂಸ್ಥೆಗಳ ಖರೀದಿಯನ್ನು ಪ್ರಶ್ನಿಸಲು ಊರವರಿಗೆ ಒಂದು ವೇದಿಕೆಯೂ ಇದೆ: ಕರ್ನಾಟಕದ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಹಿಂದಿನ ಸಾಲಿನ ಜಮಾಖರ್ಚು, ಬಿಲ್ಲು, ಕಾಮಗಾರಿಗಳ ಕಡತಗಳನ್ನು ಅಂದು ಸಾರ್ವಜನಿಕರ ಮುಂದಿಡಬೇಕು. ಬಹಳ ಊರುಗಳಲ್ಲಿ ಅದು ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾಗಿಬಿಟ್ಟಿದೆ. ಓದುಗರು ತಮ್ಮ ಊರಿನ ಮುಂದಿನ ಜಮಾಬಂದಿಗೆ ಹೋಗಿ, ದೀಪವನ್ನೂ ಮೋಟಾರನ್ನೂ ಯಾವ ವಿವರಣೆಯ ಮೇಲೆ ಕೊಂಡಿರಿ, ಶುಚಿ ಮಾಡುವವರಿಗೆ ಕೂಲಿ ಎಷ್ಟು ಮುಟ್ಟಿತು, ಪೂರೈಕೆದಾರರ ಬಿಲ್ಲಿಗೆ ಎಷ್ಟು ದಿನದಲ್ಲಿ ಹಣ ಕೊಟ್ಟಿರಿ ಎಂದು ಕೇಳಬೇಕು, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಬೇಕು.