ಪಂಚಾಂಗದ ಅಂಚಿನಲ್ಲಿ ಮಳೆ

ಮಲೆನಾಡಿನ ಮನೆಗೆ ಆಷಾಢದಲ್ಲಿ ನೆಂಟರು ಬಂದರೆಂದರೆ, ಅವರು ಕಂಬಳಿಕೊಪ್ಪೆಯನ್ನು ಜಗಲಿಯ ಗೂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಕಲ್ಲಿನ ಮೇಲೆ ನಿಂತು ಕಾಲಿಗೆ ನೀರು ಹೊಯ್ದುಕೊಂಡು, ಬೆರಳ ಸಂದಿಯಲ್ಲಿ ಉಂಬಳವೇನಾದರೂ ಕಚ್ಚಿಕೊಂಡಿದೆಯೇ ಎಂದು ಬಗ್ಗಿ ನೋಡಿ, ಒಳಗೆ ಬಂದು ಕುಳಿತು ಬೆಲ್ಲ ನೀರು ಕುಡಿದು ಮುಗಿಸುವವರೆಗೂ ಬಂದ ಕಾರ್ಯವೇನೆಂದು ಯಾರೂ ಕೇಳತಕ್ಕದ್ದಲ್ಲ. ಮಳೆಯ ವಿಷಯವನ್ನು ಮಾತ್ರ ಅವರು ಇನ್ನೂ ಅಂಗಳದಲ್ಲಿರುವಾಗಲೇ ಕೇಳಬಹುದು. ಕೇಳದಿದ್ದರೆ ಅದು ಅನಾದರವೆಂದೇ ಎಣಿಕೆ.

“ಎಂತ ಭಾವಯ್ಯ, ನಿಮ್ಮ ಬದಿ ಮಳೆ ಹೆಂಗೆ?”

“ಎಂತ ಮಳೆಯೋ ಮಾರಾಯ, ಹೊಳವೇ ಇಲ್ಲ. ಸಂಕ ಮುಳುಗಿ ಮೂರು ದಿನ ಆತು.”

ಹೊಳವೆಂದರೆ ಎಡೆಬಿಡದ ಮಳೆಯ ನಡುವೆ ಸಿಗುವ ಒಂದಿಷ್ಟು ತೆರಪು. ಸಂಕವೆಂದರೆ ಹಳ್ಳಕ್ಕೆ ಅಡ್ಡಲಾಗಿ ಹಾಸಿದ ಅಡಿಕೆ ದಬ್ಬೆಯ ಅಥವಾ ಮರದ ದಿಮ್ಮಿಯ ಕಾಲುಸೇತುವೆ. ಕಾಲೇಜು ಓದುತ್ತಿದ್ದ ಕಾಲದಲ್ಲಿ ಈ ಬಗೆಯ ಸಂಭಾಷಣೆ ನನಗೆ ಕೇವಲ ಕಾಲಹರಣದ ಹರಟೆಯಾಗಿ ತೋರುತ್ತಿದ್ದಿತು. ಲೋಕದಲ್ಲಿ ಇಷ್ಟೊಂದು ಘನವಾದ ವಿಷಯಗಳಿರುವಾಗ, ಆಕಾಶದಿಂದ ನೀರು ಬೀಳುವುದೆಂಬ ಸರ್ವವಿದಿತವಾದ ಸಂಗತಿಯನ್ನು ಇಬ್ಬರು ವಯಸ್ಕರು ಗಂಭೀರವಾಗಿ ಚರ್ಚಿಸುವುದನ್ನು ಕಂಡು ಮನಸ್ಸಿನಲ್ಲಿಯೇ ನಗುತ್ತಿದ್ದೆ. ಭಾವಯ್ಯನ ಆ ಎರಡು ವಾಕ್ಯಗಳಲ್ಲಿ ಎಷ್ಟು ವರ್ತಮಾನ ಅಡಗಿತ್ತೆಂಬುದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಸಂಕ ಮುಳುಗಿದೆಯೆಂದರೆ ಮಕ್ಕಳು ಶಾಲೆಗೆ ಹೋಗಿಲ್ಲ, ಅಂಗಡಿಯ ಸಾಮಾನು ಬಂದಿಲ್ಲ, ಯಾರಿಗಾದರೂ ಜ್ವರ ಬಂದರೆ ಕಷಾಯವೇ ಗತಿ. ಹೊಳವಿಲ್ಲವೆಂದರೆ ತೋಟಕ್ಕೆ ಎರಡನೆಯ ಸಲ ಔಷಧಿ ಹೊಡೆಸಿಲ್ಲ. ಹೊಡೆಸಿಲ್ಲವೆಂದರೆ ಕೊಳೆ ಬರುವುದು ಖಂಡಿತ. ಕೊಳೆ ಬಂದರೆ ಈ ವರ್ಷ ಮಗಳ ಮದುವೆಯ ಮಾತೆತ್ತುವಂತಿಲ್ಲ. ಕೆನಡಾದಿಂದ ಬಂದು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಮೇಲೆ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಅಂದಿನಿಂದ ಇಂದಿನವರೆಗೂ ನಮ್ಮ ತೋಟಗಳನ್ನು ಕಾಯುತ್ತ ಬಂದಿದೆ. ಆದರೆ ಅದನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ತರುವಾಯ ಇನ್ನೊಮ್ಮೆ ಸಿಂಪಡಿಸಬೇಕು. ಆ ಎರಡನೆಯದಕ್ಕೆ ಬೇಕಾದ ಒಂದು ಹೊಳವಿಗಾಗಿ ಊರಿಗೆ ಊರೇ ಆಕಾಶ ನೋಡುತ್ತ ಕುಳಿತಿರುತ್ತದೆ.

ನಾನು ಹುಟ್ಟಿದ್ದು ಇಂತಹ ಹೊಳವಿಲ್ಲದ ಕಾಲದಲ್ಲಿ. ಜನ್ಮದಿನಾಂಕವೆಂಬುದೊಂದು ಶಾಲೆಯ ರಿಜಿಸ್ಟರಿನಲ್ಲಿ ಇತ್ತಾದರೂ ಮನೆಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. “ನೀನು ಪ್ಲವದ ಪುಷ್ಯ ಮಳೆಯವನು, ನಿನ್ನ ಅಣ್ಣ ಮಘೆಯವನು” ಎಂದು ಅಜ್ಜಿ ಹೇಳಿದರೆ ಲೆಕ್ಕ ಮುಗಿಯಿತು.

ಪಟ್ಟಣದ ಓದುಗರಿಗಾಗಿ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಂಚಾಂಗದಲ್ಲಿ ದಿನದಿನವೂ ಬದಲಾಗುವ ನಕ್ಷತ್ರ ಚಂದ್ರನದು. ಮಳೆಯ ನಕ್ಷತ್ರವಾದರೋ ಸೂರ್ಯನದು. ಇಪ್ಪತ್ತೇಳು ನಕ್ಷತ್ರಗಳ ಚಕ್ರವನ್ನು ಸೂರ್ಯ ಒಂದು ವರ್ಷದಲ್ಲಿ ಸುತ್ತಿ ಬರುವುದರಿಂದ ಒಂದೊಂದರ ಪಾಲಿಗೆ ಹದಿಮೂರೂವರೆ ದಿನದಷ್ಟು ಬರುತ್ತದೆ. ಆ ಅವಧಿಯಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಸುಮಾರಿಗೆ ಆರ್ದ್ರಾ, ಜುಲೈಯಲ್ಲಿ ಪುನರ್ವಸು ಮತ್ತು ಪುಷ್ಯ, ಆಗಸ್ಟಿನ ಆರಂಭಕ್ಕೆ ಆಶ್ಲೇಷಾ. ಹೀಗೆಯೇ ಮುಂದುವರಿದು ಅಕ್ಟೋಬರಿನ ಚಿತ್ತಾ, ಸ್ವಾತಿಗಳವರೆಗೆ. ಬಯಲುಸೀಮೆಯ ರೈತನು ಭರಣಿ ಬಂದರೆ ಧರಣಿಯೆಲ್ಲ ಬೆಳೆಯೆಂದು ಹಿಗ್ಗುತ್ತಾನೆ. ಉತ್ತರ ಕರ್ನಾಟಕದಲ್ಲಿ ಮೃಗಶಿರವು ‘ಮಿರಗ’ವಾಗಿ, ಅದು ಕೂಡಿದ ದಿನವೇ ಬಿತ್ತನೆಯ ಮಾತು ಆರಂಭವಾಗುತ್ತದೆ. ಆದರೆ ಆರಿದ್ರಾ, ಆಗದಿದ್ದರೆ ದಾರಿದ್ರ್ಯ ಎಂಬುದನ್ನು ಎಲ್ಲ ಸೀಮೆಯವರೂ ಒಪ್ಪುತ್ತಾರೆ. ಎತ್ತ ಬೀಳುವುದೋ ತಿಳಿಯದ ಚಿತ್ತೆಯನ್ನು ಕುರುಡು ಚಿತ್ತೆಯೆಂದು ಕರೆದವರ ವಿನೋದಬುದ್ಧಿಗೆ ನಾನು ಈಗಲೂ ತಲೆದೂಗುತ್ತೇನೆ.

ಇಲ್ಲೊಂದು ಸ್ವಾರಸ್ಯವುಂಟು. ಭೂಮಿಯ ಅಕ್ಷವು ಅತಿ ಮಂದವಾಗಿ ಓಲಾಡುವುದರಿಂದ, ಸುಮಾರು ಎಪ್ಪತ್ತೆರಡು ವರ್ಷಕ್ಕೆ ಒಂದು ದಿನದಂತೆ, ಈ ನಕ್ಷತ್ರಪ್ರವೇಶಗಳು ಋತುಗಳಿಂದ ಮುಂದಕ್ಕೆ ಸರಿಯುತ್ತ ಹೋಗುತ್ತವೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12ರಂದು ಮಕರ ಸಂಕ್ರಾಂತಿಯಾಗಿತ್ತೆಂಬುದನ್ನೂ ಈಗ ನಾವು ಎಳ್ಳು ಬೀರುವುದು 14 ಅಥವಾ 15ರಂದೆಂಬುದನ್ನೂ ನೆನೆದರೆ ಈ ಸರಿತ ಅರ್ಥವಾದೀತು. ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಒಂದು ನಕ್ಷತ್ರದಷ್ಟು ವ್ಯತ್ಯಾಸ. ಎಂದರೆ ಕಲ್ಯಾಣದ ಚಾಲುಕ್ಯರ ಕಾಲದ ಒಕ್ಕಲಿಗನ ಆರ್ದ್ರಾ, ಋತುವಿನ ಲೆಕ್ಕದಲ್ಲಿ, ನಮ್ಮ ಮೃಗಶಿರವೇ. ಗಾದೆಗಳು ಅನಾದಿಯೆಂದು ಹೇಳಿಕೊಳ್ಳುವವರು ಇದನ್ನು ಸ್ವಲ್ಪ ಯೋಚಿಸಬೇಕು. ಅವು ಒಂದೋ ನಾವೆಣಿಸಿದಷ್ಟು ಹಳೆಯವಲ್ಲ, ಇಲ್ಲವೇ ಪ್ರತಿ ತಲೆಮಾರಿನ ಜನರೂ ತಮ್ಮ ಅಂಗಳದ ಮಳೆಯನ್ನು ನೋಡಿ ಅವುಗಳನ್ನು ತಿದ್ದಿಕೊಂಡು ಬಂದಿದ್ದಾರೆ. ನನಗೇನೋ ಎರಡನೆಯದೇ ಸರಿಯೆಂದು ತೋರುತ್ತದೆ.

ಅಜ್ಜಿ ಹೇಳುತ್ತಿದ್ದ ಪ್ಲವ ಸಂವತ್ಸರವೆಂದರೆ 1961–62. ಪ್ಲವ ಶಬ್ದಕ್ಕೆ ತೇಲುವುದು, ತೆಪ್ಪ ಎಂಬ ಅರ್ಥಗಳಿವೆ. ಆ ವರ್ಷದ ಮುಂಗಾರು ಇಡೀ ಭಾರತದಲ್ಲಿ ದಾಖಲೆಯ ಅತ್ಯಧಿಕ ಮಳೆಯ ವರ್ಷಗಳಲ್ಲೊಂದೆಂದು ಹವಾಮಾನ ಶಾಸ್ತ್ರಜ್ಞರೂ ಹೇಳುತ್ತಾರೆ. ಅಜ್ಜಿಗೆ ಶಾಸ್ತ್ರಜ್ಞರ ಸಾಕ್ಷಿ ಬೇಕಿರಲಿಲ್ಲ. ಸಾಯಂಕಾಲ ಹೊಡಸಲಿನ ಸುತ್ತ ನಾವೆಲ್ಲ ಕುಳಿತು, ಕೆಂಡದಲ್ಲಿ ಹಲಸಿನ ಬೀಜ ಹುಗಿದು, ಅದು ಪಟ್ಟೆಂದು ಸಿಡಿಯುವುದನ್ನೇ ಕಾಯುತ್ತಿರುವಾಗ ಆಕೆ ಆ ಕಥೆಯನ್ನು ತೆಗೆಯುತ್ತಿದ್ದಳು. ನಲವತ್ತು ದಿನ ಸೂರ್ಯನ ಮುಖವನ್ನೇ ಯಾರೂ ಕಾಣಲಿಲ್ಲವಂತೆ. ಕಟ್ಟಿಗೆಯ ಕೊಟ್ಟಿಗೆಗೆ ನೀರು ನುಗ್ಗಿತಂತೆ. ಸೂಲಗಿತ್ತಿಯನ್ನು ಹಳ್ಳದಾಚೆಯಿಂದ ಕರೆತರಲು ಹೋದ ಆಳುಗಳಿಬ್ಬರು, ಸಂಕ ಹೋಗಿದ್ದುದರಿಂದ, ಮೇಲಣ ಕಾಡನ್ನು ಬಳಸಿ ಬರುವಷ್ಟರಲ್ಲಿ ನಾನು ಹುಟ್ಟಿಯಾಗಿತ್ತಂತೆ. “ಇವನಿಗೆ ಯಾವಾಗಲೂ ಅವಸರ” ಎಂದು ಅಜ್ಜಿ ಮುಗಿಸುತ್ತಿದ್ದಳು. ಕಥೆ ಮುಗಿಯುವ ವೇಳೆಗೆ ಬೀಜ ಒಂದೆರಡು ಕರಕಾಗಿರುತ್ತಿದ್ದವು.

ಅಪ್ಪಯ್ಯ ಈ ಕಥೆಯ ನಡುವೆ ಎಂದೂ ಬಾಯಿ ಹಾಕಿದವರಲ್ಲ. ಅವರು ಮಿತಭಾಷಿಗಳು, ಮಕ್ಕಳೊಡನೆ ಮಾತನಾಡಿದ್ದಕ್ಕಿಂತ ಹೆಚ್ಚಾಗಿ ದನಗಳೊಡನೆ ಮಾತನಾಡಿದವರು. ಅವರು ತೀರಿಕೊಂಡ ಮೇಲೆ, ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನು ತೆರೆದಾಗ, ವರ್ಷಕ್ಕೊಂದರಂತೆ ಸುತಲಿದಾರದಲ್ಲಿ ಕಟ್ಟಿಟ್ಟ ಪಂಚಾಂಗಗಳ ಹೊರೆಯೇ ಸಿಕ್ಕಿತು. ಪ್ರತಿಯೊಂದರ ಮೂಲೆಯಲ್ಲಿಯೂ ಮೊಳೆಗೆ ತೂಗುಹಾಕಿದ ತೂತು, ಆ ತೂತಿನ ಸುತ್ತ ತುಕ್ಕಿನ ಕಲೆ. ಪುಟಗಳಿಗೆ ಹೊಗೆಯ ಮತ್ತು ಜಿರಳೆಯ ವಾಸನೆ. ಅಂಚಿನಲ್ಲಿ, ಅಚ್ಚಾದ ತಿಥಿವಾರಗಳ ಪಕ್ಕದಲ್ಲಿ, ಸೀಸದಕಡ್ಡಿಯಿಂದ ಬರೆದ ಇರುವೆಯಂಥ ಅಕ್ಷರಗಳು. ಪ್ಲವದ ಪಂಚಾಂಗವನ್ನು ನಾನು ಕೈ ನಡುಗುತ್ತಲೇ ಬಿಡಿಸಿದೆ. ಅಲ್ಲಿದ್ದುದು ಇಷ್ಟು: “ಪುಷ್ಯ 4ನೇ ದಿನ. ಹೊಳವಿಲ್ಲ. ಸಂಕ ಹೋಯಿತು. ಬೆಳಗಿನ ಜಾವ ಗಂಡು. ಗಂಗೆ ಹಾಲು ಕಡಿಮೆ.”

ಗಂಗೆಯೆಂಬುದು ನಮ್ಮ ಹಸು. ಸಂಕಕ್ಕೂ ಹಸುವಿಗೂ ನಡುವೆ ನನ್ನ ಜನನ ಮೂರೇ ಮಾತಿನಲ್ಲಿ ಮುಗಿದುಹೋಗಿತ್ತು! ಮೊದಲು ಕೊಂಚ ಖಿನ್ನನಾದೆನೆಂದು ಒಪ್ಪಿಕೊಳ್ಳುತ್ತೇನೆ. ಅನಂತರ ಕುತೂಹಲ ಕೆರಳಿ, ಅಜ್ಜಿಯ ನಲವತ್ತು ದಿನಗಳನ್ನು ಈ ಅಂಚಿನ ಬರವಣಿಗೆಯೊಡನೆ ತಾಳೆ ನೋಡತೊಡಗಿದೆ. ಆರ್ದ್ರೆಯಿಂದ ಆಶ್ಲೇಷೆಯ ಕೊನೆಯವರೆಗೆ ಎಣಿಸಿದರೆ ಅಪ್ಪಯ್ಯ ಐದು ಸಲ ‘ಹೊಳ’ ಎಂದು ಬರೆದಿದ್ದಾರೆ. ಒಮ್ಮೆಯಂತೂ ‘ಬಿಸಿಲು, ಕಂಬಳಿ ಒಣಗಿತು’ ಎಂದೇ ಇದೆ. ಸತತವಾಗಿ ಹೊಳವಿಲ್ಲದಿದ್ದುದು ಹೆಚ್ಚೆಂದರೆ ಹದಿನಾರು ದಿನ, ಅದೂ ಪುಷ್ಯದಲ್ಲಿ ಆರಂಭವಾಗಿ ಆಶ್ಲೇಷೆಗೆ ದಾಟಿದ ಹದಿನಾರು ದಿನ.

ಹಾಗಾದರೆ ಅಜ್ಜಿ ಸುಳ್ಳು ಹೇಳಿದಳೆ? ಬಹಳ ದಿನ ನಾನು ಹಾಗೆಯೇ ತಿಳಿದು, ವೃದ್ಧರ ಉತ್ಪ್ರೇಕ್ಷೆಯೆಂದು ನಕ್ಕಿದ್ದೇನೆ. ಆದರೆ ಆ ಹದಿನಾರು ದಿನ ಅಪ್ಪಯ್ಯ ತೋಟದಲ್ಲಿದ್ದರು, ಅಜ್ಜಿ ಬಾಣಂತಿಯ ಕೋಣೆಯಲ್ಲಿದ್ದಳು. ಎಳೆಗೂಸಿನ ಬಟ್ಟೆಗಳನ್ನು ಹೊತ್ತಿಗೆ ಹತ್ತು ಸಲ ಹಿಂಡಿ, ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಹರವಿ, ಹಸಿಕಟ್ಟಿಗೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ಒಣಗಿತೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡುತ್ತಿದ್ದವಳಿಗೆ ಮಧ್ಯಾಹ್ನ ಅರ್ಧ ಗಂಟೆ ಇಣುಕಿದ ಬಿಸಿಲು ಲೆಕ್ಕಕ್ಕೆ ಬರುವುದಾದರೂ ಹೇಗೆ? ಹೊಳವೆಂದರೆ ಅಪ್ಪಯ್ಯನಿಗೆ ಮರ ಹತ್ತಲಾಗುವಷ್ಟು ತೆರಪು. ಅಜ್ಜಿಗೆ ಬಟ್ಟೆ ಒಣಗುವಷ್ಟು ತೆರಪು. ಇಬ್ಬರೂ ಒಂದೇ ಸೂರಿನಡಿಯಲ್ಲಿ ಬೇರೆ ಬೇರೆ ಮಾಪಕಗಳನ್ನಿಟ್ಟುಕೊಂಡಿದ್ದರು.

ನಿಜವಾದ ಮಾಪಕದ ವಿಷಯವನ್ನೂ ಹೇಳಬೇಕು. ತಾಲೂಕು ಕಚೇರಿಯ ಆವರಣದಲ್ಲಿ ತಂತಿಬೇಲಿಯೊಳಗೆ ಹುಗಿದಿಟ್ಟ ಲೋಹದ ಡಬ್ಬಿಯನ್ನು ನೀವು ನೋಡಿರಬಹುದು. ಐದಂಗುಲ ಬಾಯಿಯ ಆಲಿಕೆ, ಅದರಡಿಗೊಂದು ಸೀಸೆ. ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳತೆಯ ಗಾಜಿಗೆ ಹೊಯ್ದು ಬರೆದುಕೊಳ್ಳುವುದು ವಾಡಿಕೆ. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ದಿನಕ್ಕೆ ಎರಡೂವರೆ ಮಿಲಿಮೀಟರ್ ಬಿದ್ದರೆ ಸರ್ಕಾರಿ ಲೆಕ್ಕದಲ್ಲಿ ಅದು ಮಳೆಯ ದಿನ. ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರು ಈಗಲೂ ಇಂಚು ಸೆಂಟುಗಳನ್ನು ಬಿಟ್ಟಿಲ್ಲ. ನೂರು ಸೆಂಟಿಗೆ ಒಂದು ಇಂಚು. ಫೆಬ್ರವರಿ ಮಾರ್ಚಿನ ಹೂಮಳೆಯ ದಿನ ಅವರ ನಡುವೆ ಕುಶಲಪ್ರಶ್ನೆಗೂ ಮೊದಲು ಬರುವ ಪ್ರಶ್ನೆ “ಎಷ್ಟು ಸೆಂಟ್ ಬಂತು?” ಎಂಬುದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಬೀಳುತ್ತದೆ. ಬೆಂಗಳೂರಿನಲ್ಲಿ ಸಾವಿರಕ್ಕೆ ಸ್ವಲ್ಪ ಕಡಿಮೆ. ಚಳ್ಳಕೆರೆಯ ಕಡೆ ಐದು ನೂರರ ಆಸುಪಾಸು. ಆದ್ದರಿಂದ “ಮಳೆ ಚೆನ್ನಾಯಿತು” ಎಂಬ ಒಂದೇ ಮಾತು ಮೂರು ಊರುಗಳಲ್ಲಿ ಮೂರು ಅರ್ಥ. ಚಳ್ಳಕೆರೆಯ ನನ್ನ ಮಿತ್ರರೊಬ್ಬರು ಆಷಾಢದಲ್ಲಿ ನಮ್ಮ ಮನೆಗೆ ಬಂದಿದ್ದಾಗ, ಮೂರನೆಯ ದಿನ ಜಗಲಿಯಲ್ಲಿ ನಿಂತು, “ಇದನ್ನು ನಿಲ್ಲಿಸುವುದಿಲ್ಲವೇ ಇವರು?” ಎಂದು ಕೇಳಿದ್ದು ನಮ್ಮಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಮಾತು.

ಈಗ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಂದರಂತೆ ತಾವೇ ಸುದ್ದಿ ಕಳಿಸುವ ಮಳೆಮಾಪಕಗಳು ಬಂದಿವೆ. ನಮ್ಮೂರಿನ ಮಳೆಯನ್ನು ನಾನು ಬೆಂಗಳೂರಿನಲ್ಲಿ ಕುಳಿತು ಅಣ್ಣಯ್ಯನಿಗಿಂತ ಮೊದಲೇ ತಿಳಿದುಕೊಳ್ಳಬಹುದು. ತಿಳಿದುಕೊಳ್ಳುತ್ತೇನೆ ಕೂಡ. ಆದರೂ ಬೆಳಿಗ್ಗೆ ಅವನು ಫೋನು ಮಾಡಿ “ನಿಮ್ಮಲ್ಲಿ ಹೆಂಗೆ?” ಎಂದಾಗ, ಗೊತ್ತಿಲ್ಲದವನಂತೆ “ಮೋಡ ಅಷ್ಟೆ, ಅಲ್ಲಿ?” ಎನ್ನುತ್ತೇನೆ. ಮಂಡಿನೋವು ಹೇಗಿದೆ, ಮಗ ದುಡ್ಡು ಕಳಿಸಿದನೆ, ಅತ್ತಿಗೆಯ ಸಕ್ಕರೆ ಕಾಯಿಲೆ ಎಲ್ಲಿಗೆ ಬಂತು ಎಂಬುದೆಲ್ಲ ನಮ್ಮಲ್ಲಿ ನೇರವಾಗಿ ಕೇಳುವ ಮಾತುಗಳಲ್ಲ. ಮಳೆಯ ಬೆನ್ನಹಿಂದೆ ಒಂದೊಂದಾಗಿ ಬರುತ್ತವೆ, ಕೆಲವು ದಿನ ಬಾರದೆಯೂ ಇರುತ್ತವೆ.

ಅರವತ್ತು ಸಂವತ್ಸರಗಳ ಚಕ್ರ ಒಮ್ಮೆ ಪೂರ್ತಿ ತಿರುಗಿ ಹುಟ್ಟಿದ ವರ್ಷದ ಹೆಸರೇ ಮರಳಿ ಬರುವುದರಿಂದಲೇ ಷಷ್ಟ್ಯಬ್ದಿಗೆ ಅಷ್ಟು ಮಹತ್ವ. 2021ರ ಯುಗಾದಿಗೆ ಪ್ಲವ ಮತ್ತೆ ಬಂದಿತು. ಕೊರೋನಾ ಕಾಲವಾದ್ದರಿಂದ ಶಾಂತಿಹೋಮ, ಊಟ ಒಂದೂ ನಡೆಯಲಿಲ್ಲ, ಊರಿಗೂ ಹೋಗಲಾಗಲಿಲ್ಲ. ಆ ಜುಲೈ ಮೂರನೆಯ ವಾರದ ಕೊನೆಗೆ ಮಲೆನಾಡಿನಲ್ಲಿಯೂ ಉತ್ತರ ಕನ್ನಡದಲ್ಲಿಯೂ ಹೊಳೆಗಳು ದಡ ಮೀರಿ ಉಕ್ಕಿ, ಘಟ್ಟದ ರಸ್ತೆಗಳು ಕುಸಿದವು. ಎರಡು ದಿನ ಫೋನು ತಾಗಲಿಲ್ಲ. ಮರುವರ್ಷ ಊರಿಗೆ ಹೋದಾಗ ಅಡಿಗೆಮನೆಯ ಬಾಗಿಲ ಪಕ್ಕದ ಅದೇ ಮೊಳೆಯಲ್ಲಿ ಹೊಸ ಪಂಚಾಂಗದ ಹಿಂದೆ ಹಳೆಯದೂ ತೂಗುತ್ತಿತ್ತು. ಮೆಲ್ಲನೆ ಎತ್ತಿ ನೋಡಿದೆ. ಅಣ್ಣಯ್ಯನ ಅಕ್ಷರ, ಈ ಸಲ ಬಾಲ್‌ಪೆನ್ನಿನದು: “ಪುಷ್ಯ 4. 212 ಮಿ.ಮೀ. ಕರೆಂಟಿಲ್ಲ. ತಮ್ಮನಿಗೆ ಅರವತ್ತು. ತೋಟದಲ್ಲಿ ಎರಡು ಮರ ಬಿತ್ತು.”

ಓದುಗರ ಮನೆಗಳಲ್ಲಿಯೂ ಇಂತಹ ಹಳೆಯ ಪಂಚಾಂಗ, ಕ್ಯಾಲೆಂಡರುಗಳ ಕಟ್ಟು ಅಟ್ಟದ ಮೇಲೆ ಎಲ್ಲಿಯಾದರೂ ಇದ್ದೀತು. ಹಬ್ಬಕ್ಕೆ ಮನೆ ತೊಳೆಯುವಾಗ ಅದನ್ನು ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಅಂಚುಗಳನ್ನು ಒಮ್ಮೆ ತಿರುವಿ ನೋಡಿರೆಂದು ಕೇಳಿಕೊಳ್ಳುತ್ತೇನೆ. ಸೀಸದಕಡ್ಡಿಯ ಬರಹವಾದರೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಬೇಕು, ಆಗಲೇ ಕಾಣುವುದು.