ದೇಹದ ಆಯವ್ಯಯ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಊಟ ಬಲ್ಲವನೆಂದರೆ ಹಿತವಾದುದನ್ನು ಮಿತವಾಗಿ ಉಣ್ಣುವವನು. ಆದರೆ ಎಷ್ಟು ಉಂಡರೆ ಮಿತ? ನಮ್ಮ ಹಿರಿಯರು ಈ ಪ್ರಶ್ನೆಗೆ ಹಸಿವನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರು. ದಿನವಿಡೀ ನೇಗಿಲು ಹಿಡಿದು ದುಡಿದವನಿಗೂ, ಒರಳಿನಲ್ಲಿ ರುಬ್ಬಿ ಬಾವಿಯಿಂದ ನೀರು ಸೇದಿದವಳಿಗೂ ಆ ಅಳತೆಗೋಲು ಬಹುಮಟ್ಟಿಗೆ ಸರಿಯಾದ ಲೆಕ್ಕವನ್ನೇ ಕೊಡುತ್ತಿತ್ತು. ಇಂದು ಕುಳಿತು ಮಾಡುವ ಕೆಲಸ ಹೆಚ್ಚಿದೆ. ನಡೆಯುವ ದಾರಿಯನ್ನು ವಾಹನಗಳು ಕಡಮೆ ಮಾಡಿವೆ. ಎಣ್ಣೆ, ಸಕ್ಕರೆಗಳು ಹಬ್ಬದ ದಿನವನ್ನು ಕಾಯದೆ ನಿತ್ಯವೂ ಅಡುಗೆಮನೆಯನ್ನು ಪ್ರವೇಶಿಸಿವೆ. ದುಡಿಮೆ ಇಳಿದರೂ ಊಟ ಇಳಿಯಲಿಲ್ಲ. ಅದರ ಫಲವಾಗಿ ಅನೇಕರ ತೂಕ ಏರಿದೆ.

ಏರಿದ ತೂಕವನ್ನು ಇಳಿಸಲು ಹೊರಟವರು ಸಾಮಾನ್ಯವಾಗಿ ಇನ್ನೊಂದು ತಪ್ಪನ್ನು ಮಾಡುತ್ತಾರೆ. ಒಂದು ಹೊತ್ತಿನ ಊಟವನ್ನು ಬಿಡುತ್ತಾರೆ. ಕೆಲವರು ಎರಡು ಹೊತ್ತನ್ನೂ ಬಿಡುತ್ತಾರೆ. ಕೆಲವು ದಿನಗಳ ಉತ್ಸಾಹ ಮುಗಿದ ಮೇಲೆ ಹಸಿವು ತನ್ನ ಬಾಕಿಯನ್ನು ಬಡ್ಡಿಸಹಿತ ವಸೂಲು ಮಾಡುತ್ತದೆ. ತೂಕ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ತೂಕ ಇಳಿಸಬೇಕಾದವರು ದಿನವೊಂದಕ್ಕೆ ಎಷ್ಟು ಉಣ್ಣಬೇಕು ಎಂಬುದನ್ನು ವಿವೇಕದಿಂದ ನಿರ್ಧರಿಸುವ ಬಗೆಯನ್ನು ಇಲ್ಲಿ ವಿಚಾರ ಮಾಡೋಣ.

ಆಹಾರವು ದೇಹಕ್ಕೆ ಇಂಧನ ಎಂಬ ಸಂಗತಿಯನ್ನು ಪ್ರಯೋಗದ ಮೂಲಕ ತೋರಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ. ೧೭೮೦ರ ದಶಕದ ಆರಂಭದಲ್ಲಿ ಅವನು ಗಣಿತಜ್ಞನಾದ ಲಪ್ಲಾಸನೊಡನೆ ಸೇರಿ ಗಿನಿ ಇಲಿಯೆಂಬ ಪುಟ್ಟ ಪ್ರಾಣಿಯನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಇರಿಸಿದನು. ಅದರ ಮೈಶಾಖದಿಂದ ಎಷ್ಟು ಮಂಜು ಕರಗಿತೆಂಬುದನ್ನು ಅಳೆದು, ಇದ್ದಲು ಉರಿಯುವಾಗ ಹೊರಬೀಳುವ ಶಾಖದೊಡನೆ ಹೋಲಿಸಿ ನೋಡಿದನು. ಉಸಿರಾಟವೆಂಬುದು ನಿಧಾನವಾಗಿ ನಡೆಯುವ ದಹನಕ್ರಿಯೆ ಎಂಬುದು ಅವನ ತೀರ್ಮಾನ. ಸುಮಾರು ನೂರು ವರ್ಷಗಳ ತರುವಾಯ, ೧೮೯೦ರ ದಶಕದಲ್ಲಿ, ಅಮೆರಿಕದ ಅಟ್ವಾಟರ್ ಎಂಬ ವಿಜ್ಞಾನಿಯು ಮನುಷ್ಯರೇ ಕೆಲವು ದಿನ ವಾಸಿಸಬಹುದಾದ ಪುಟ್ಟ ಕೋಣೆಯೊಂದನ್ನು ನಿರ್ಮಿಸಿ, ಅವರು ಉಂಡ ಆಹಾರದ ಶಕ್ತಿಯನ್ನೂ ಅವರ ದೇಹ ವೆಚ್ಚ ಮಾಡಿದ ಶಕ್ತಿಯನ್ನೂ ಅಳೆದನು. ಎರಡು ಲೆಕ್ಕಗಳೂ ತಾಳೆಯಾದವು. ಶಕ್ತಿಯು ಶೂನ್ಯದಿಂದ ಹುಟ್ಟುವುದಿಲ್ಲ, ಶೂನ್ಯದಲ್ಲಿ ಅಡಗುವುದೂ ಇಲ್ಲ ಎಂಬ ನಿಯಮವು ಉಗಿಯಂತ್ರಕ್ಕೆ ಅನ್ವಯಿಸುವಂತೆಯೇ ಮಾನವ ದೇಹಕ್ಕೂ ಅನ್ವಯಿಸುತ್ತದೆ.

ಈ ಶಕ್ತಿಯನ್ನು ಅಳೆಯುವ ಮಾನವೇ ಕ್ಯಾಲರಿ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವನ್ನು ಆಹಾರಶಾಸ್ತ್ರದಲ್ಲಿ ಒಂದು ಕ್ಯಾಲರಿ ಎನ್ನುತ್ತಾರೆ. ಭೌತಶಾಸ್ತ್ರದ ಕ್ಯಾಲರಿಗಿಂತ ಇದು ಸಾವಿರ ಪಟ್ಟು ದೊಡ್ಡದಾದ ಕಾರಣ ಇದಕ್ಕೆ ಕಿಲೊಕ್ಯಾಲರಿ ಎಂಬ ಹೆಸರೂ ಉಂಟು. ಒಂದು ಗ್ರಾಂ ಶರ್ಕರಪಿಷ್ಟದಿಂದ ಸುಮಾರು ೪, ಒಂದು ಗ್ರಾಂ ಸಸಾರಜನಕದಿಂದ ಸುಮಾರು ೪, ಒಂದು ಗ್ರಾಂ ಕೊಬ್ಬಿನಿಂದ ಸುಮಾರು ೯ ಕ್ಯಾಲರಿಗಳು ದೊರೆಯುತ್ತವೆ. ಐದು ಗ್ರಾಂ ಹಿಡಿಯುವ ಒಂದು ಸಣ್ಣ ಚಮಚ ಸಕ್ಕರೆಯಲ್ಲಿ ೨೦ ಕ್ಯಾಲರಿಗಳಿದ್ದರೆ, ಅಷ್ಟೇ ತೂಕದ ಎಣ್ಣೆಯಲ್ಲಿ ೪೫ ಕ್ಯಾಲರಿಗಳಿರುತ್ತವೆ. ಒಗ್ಗರಣೆಗೆ ಕೈಯಳತೆಯಲ್ಲಿ ಸುರಿಯುವ ಎಣ್ಣೆಯು ನಮಗೆ ಅರಿವಿಲ್ಲದಂತೆ ಲೆಕ್ಕವನ್ನು ಏರಿಸುವುದು ಹೀಗೆ.

ಇದು ದೇಹದ ಆಯ. ಇನ್ನು ವ್ಯಯದ ಕಡೆಗೆ ನೋಡೋಣ. ಓಡಾಟ, ದುಡಿಮೆಗಳಿಗೇ ದೇಹವು ಹೆಚ್ಚಿನ ಶಕ್ತಿಯನ್ನು ಬಳಸುತ್ತದೆಂದು ಅನೇಕರು ಭಾವಿಸಿದ್ದಾರೆ. ಕುಳಿತು ಕೆಲಸ ಮಾಡುವವರ ವಿಷಯದಲ್ಲಿ ಇದು ನಿಜವಲ್ಲ. ಅವರ ದೇಹವು ವೆಚ್ಚ ಮಾಡುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೇವಲ ಬದುಕಿರುವುದಕ್ಕಾಗಿಯೇ ಬೇಕಾಗುತ್ತದೆ. ನಾವು ನಿದ್ರಿಸುತ್ತಿರುವಾಗಲೂ ಹೃದಯ ಮಿಡಿಯುತ್ತಿರಬೇಕು, ಶ್ವಾಸಕೋಶ ಉಸಿರಾಡುತ್ತಿರಬೇಕು, ಮೂತ್ರಪಿಂಡಗಳು ರಕ್ತವನ್ನು ಶೋಧಿಸುತ್ತಿರಬೇಕು, ಮೈ ಬೆಚ್ಚಗಿರಬೇಕು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮೆದುಳೊಂದೇ ವಿಶ್ರಾಂತಿಯ ವೆಚ್ಚದ ಐದನೆಯ ಒಂದು ಪಾಲನ್ನು ಬಳಸಿಕೊಳ್ಳುತ್ತದೆ. ಈ ಕನಿಷ್ಠ ವೆಚ್ಚವನ್ನು ಮೂಲ ಚಯಾಪಚಯವೆಂದು ಕರೆಯುತ್ತಾರೆ. ಉಂಡ ಅನ್ನವನ್ನು ಜೀರ್ಣಿಸಲು ಸುಮಾರು ಹತ್ತನೆಯ ಒಂದು ಪಾಲು ಬೇಕು. ಉಳಿದುದು ಚಲನೆಗೆ.

ಚಲನೆಯು ಹೆಚ್ಚಿದಂತೆ ವ್ಯಯ ಎಷ್ಟು ಏರುತ್ತದೆಂಬುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಗಳು ೨೦೨೦ರಲ್ಲಿ ಪ್ರಕಟಿಸಿದ ಅಂಕಿಗಳಿಂದ ತಿಳಿಯಬಹುದು. ೬೫ ಕಿಲೋಗ್ರಾಂ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ ೨,೧೧೦ ಕ್ಯಾಲರಿಗಳೂ, ಕಠಿಣ ದುಡಿಮೆಯವನಾದರೆ ೩,೪೭೦ ಕ್ಯಾಲರಿಗಳೂ ಬೇಕು. ೫೫ ಕಿಲೋಗ್ರಾಂ ತೂಕದ ಹೆಂಗಸಿಗೆ ಈ ಅಂಕಿಗಳು ಕ್ರಮವಾಗಿ ೧,೬೬೦ ಮತ್ತು ೨,೭೨೦. ಒಂದೇ ತೂಕದ ಇಬ್ಬರಲ್ಲಿ ಒಬ್ಬರಿಗೆ ಸಾಕಾಗುವ ಊಟ ಇನ್ನೊಬ್ಬರಿಗೆ ಅರೆಹೊಟ್ಟೆ!

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ಒಬ್ಬ ಮಹಿಳೆ ಇದ್ದಾರೆಂದು ಭಾವಿಸಿ. ಅವರ ವಯಸ್ಸು ೪೦, ಎತ್ತರ ೧೫೫ ಸೆಂಟಿಮೀಟರ್, ತೂಕ ೬೮ ಕಿಲೋಗ್ರಾಂ. ತೂಕವನ್ನು ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ೨೮.೩ ಬರುತ್ತದೆ. ಭಾರತೀಯ ವಯಸ್ಕರಲ್ಲಿ ಈ ಸೂಚ್ಯಂಕವು ೧೮.೫ರಿಂದ ೨೩ರ ಒಳಗಿರುವುದು ಒಳ್ಳೆಯದು. ಆದುದರಿಂದ ಅವರು ತೂಕ ಇಳಿಸುವುದು ಉಚಿತ.

ಮೊದಲು ಅವರ ಮೂಲ ವೆಚ್ಚವನ್ನು ತಿಳಿಯಬೇಕು. ೧೯೯೦ರಲ್ಲಿ ಮಿಫ್ಲಿನ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರವೊಂದು ಇದಕ್ಕೆ ನೆರವಾಗುತ್ತದೆ. ಕಿಲೋಗ್ರಾಂ ತೂಕವನ್ನು ೧೦ರಿಂದ ಗುಣಿಸಿ, ಅದಕ್ಕೆ ಸೆಂಟಿಮೀಟರ್ ಎತ್ತರದ ೬.೨೫ರಷ್ಟನ್ನು ಕೂಡಿಸಿ, ವಯಸ್ಸಿನ ಐದರಷ್ಟನ್ನು ಕಳೆಯಬೇಕು. ಬಂದ ಮೊತ್ತಕ್ಕೆ ಗಂಡಸರಾದರೆ ೫ನ್ನು ಕೂಡಿಸಬೇಕು. ಹೆಂಗಸರಾದರೆ ೧೬೧ನ್ನು ಕಳೆಯಬೇಕು. ಈ ಮಹಿಳೆಗೆ ಸುಮಾರು ೧,೨೯೦ ಕ್ಯಾಲರಿ ಎಂದು ಉತ್ತರ ಬರುತ್ತದೆ. ಕುಳಿತು ಮಾಡುವ ಕೆಲಸವಾದುದರಿಂದ ಇದನ್ನು ೧.೪ರಿಂದ ಗುಣಿಸಿದರೆ ದಿನದ ಒಟ್ಟು ವ್ಯಯ ಸುಮಾರು ೧,೮೦೦ ಕ್ಯಾಲರಿ. ಇಷ್ಟನ್ನು ಉಂಡರೆ ತೂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇದರಲ್ಲಿ ಸುಮಾರು ಐದನೆಯ ಒಂದು ಪಾಲನ್ನು, ಎಂದರೆ ೪೦೦ ಕ್ಯಾಲರಿಗಳನ್ನು, ಕಡಮೆ ಮಾಡಿದರೆ ೧,೪೦೦ ಕ್ಯಾಲರಿ ಉಳಿಯುತ್ತದೆ. ಇದು ಅವರಿಗೆ ತಕ್ಕ ಗುರಿ.

ದೇಹದಲ್ಲಿ ಸಂಗ್ರಹವಾದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು ೭,೭೦೦ ಕ್ಯಾಲರಿ ಶಕ್ತಿ ಅಡಗಿರುತ್ತದೆ. ದಿನಕ್ಕೆ ೪೦೦ರಂತೆ ವಾರಕ್ಕೆ ೨,೮೦೦ ಕ್ಯಾಲರಿಗಳ ಕೊರತೆಯಾದರೆ, ಲೆಕ್ಕದ ಪ್ರಕಾರ ವಾರಕ್ಕೆ ಸುಮಾರು ೩೬೦ ಗ್ರಾಂ ಕೊಬ್ಬು ಕರಗಬೇಕು. ಇದು ತೀರ ಅಲ್ಪವೆಂದು ತೋರಬಹುದು. ಆದರೆ ವಾರಕ್ಕೆ ಅರ್ಧ ಕಿಲೋಗ್ರಾಂವರೆಗಿನ ಇಳಿತವೇ ಸುರಕ್ಷಿತ. ತೂಕದ ನೂರಕ್ಕೆ ಐದು ಪಾಲು, ಈ ಮಹಿಳೆಯ ವಿಷಯದಲ್ಲಿ ಮೂರೂವರೆ ಕಿಲೋಗ್ರಾಂ, ಇಳಿದರೂ ಸಾಕು. ರಕ್ತದ ಒತ್ತಡ ಮತ್ತು ರಕ್ತದಲ್ಲಿನ ಸಕ್ಕರೆಯ ಅಂಶಗಳಲ್ಲಿ ಸುಧಾರಣೆ ಕಂಡುಬರುವ ಸಂಭವವಿದೆ.

‘೪೦೦ ಕಡಮೆ ಮಾಡಿ ಇಷ್ಟು ಪ್ರಯೋಜನವಾದರೆ ೧,೦೦೦ ಕಡಮೆ ಮಾಡಿದರೆ ಇನ್ನೂ ಬೇಗ ಗುರಿ ಮುಟ್ಟಬಹುದಲ್ಲವೇ?’ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವನ್ನು ಅಮೆರಿಕದ ಮಿನಿಸೋಟ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವೊಂದು ನೀಡುತ್ತದೆ. ಎರಡನೆಯ ಮಹಾಯುದ್ಧದ ಕೊನೆಗಾಲವದು. ಯುರೋಪಿನಲ್ಲಿ ಹಸಿವಿನಿಂದ ಬಳಲಿದ ಜನರಿಗೆ ಹೇಗೆ ಉಣಿಸಿ ಬದುಕಿಸಬೇಕೆಂಬುದನ್ನು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಮುಂದಾದನು. ಮನಸ್ಸಾಕ್ಷಿಗೆ ಒಪ್ಪದೆ ಆಯುಧ ಹಿಡಿಯಲು ನಿರಾಕರಿಸಿದ್ದ ೩೬ ಮಂದಿ ಆರೋಗ್ಯವಂತ ತರುಣರು ಈ ಕಾರ್ಯಕ್ಕೆ ತಮ್ಮ ದೇಹವನ್ನೇ ಒಪ್ಪಿಸಿದರು. ೧೯೪೫ರಲ್ಲಿ ೨೪ ವಾರಗಳ ಕಾಲ ಅವರ ಆಹಾರವನ್ನು ಸುಮಾರು ಅರ್ಧಕ್ಕೆ, ಎಂದರೆ ದಿನಕ್ಕೆ ಸುಮಾರು ೧,೬೦೦ ಕ್ಯಾಲರಿಗೆ, ಇಳಿಸಲಾಯಿತು. ವಾರಕ್ಕೆ ಮೂವತ್ತೈದು ಕಿಲೋಮೀಟರು ನಡೆಯುವ ನಿಯಮವೂ ಇತ್ತು.

ಆ ತರುಣರ ತೂಕ ಸುಮಾರು ನಾಲ್ಕನೆಯ ಒಂದು ಪಾಲಿನಷ್ಟು ಇಳಿಯಿತು. ಆದರೆ ಅದರೊಂದಿಗೆ ಹೃದಯದ ಬಡಿತ ನಿಧಾನವಾಯಿತು, ಬೇಸಗೆಯಲ್ಲೂ ಚಳಿಯೆನಿಸಿತು, ಮೂಲ ಚಯಾಪಚಯವು ನೂರಕ್ಕೆ ಸುಮಾರು ನಲವತ್ತು ಪಾಲಿನಷ್ಟು ಕುಗ್ಗಿತು. ಆಯ ತಗ್ಗಿದಾಗ ಗೃಹಸ್ಥನು ವೆಚ್ಚವನ್ನು ಬಿಗಿ ಹಿಡಿಯುವಂತೆ ದೇಹವೂ ತನ್ನ ವ್ಯಯವನ್ನು ಬಿಗಿಹಿಡಿಯಿತು. ಮನಸ್ಸಿನ ಮೇಲಾದ ಪರಿಣಾಮ ಇನ್ನೂ ದಾರುಣವಾದುದು. ಅವರಿಗೆ ಆಹಾರದ ಹೊರತು ಬೇರೆ ಯೋಚನೆಯೇ ಇಲ್ಲದಂತಾಯಿತು. ಕೆಲವರು ಅಡುಗೆಯ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಸಿಡುಕು, ಖಿನ್ನತೆಗಳು ಹೆಚ್ಚಿದವು. ನಿರ್ಬಂಧ ತೆಗೆದ ಮೇಲೆ ಎಷ್ಟು ಉಂಡರೂ ತೃಪ್ತಿಯಾಗದೆ ಹಲವರು ವಿಪರೀತವಾಗಿ ಉಂಡರು. ಹಸಿವನ್ನು ಬಲವಂತದಿಂದ ಅದುಮಿದವರು ಮುಂದೆ ಅದಕ್ಕೆ ಸೋಲುವುದು ಅವರ ಮನೋದೌರ್ಬಲ್ಯದಿಂದಲ್ಲ. ಅದು ದೇಹದ ಧರ್ಮ.

ಈ ಪ್ರಯೋಗದಿಂದ ಕಲಿಯಬೇಕಾದ ಮತ್ತೊಂದು ಪಾಠವಿದೆ. ೧,೬೦೦ ಕ್ಯಾಲರಿಯೆಂಬುದು ಆ ಎತ್ತರದ, ತೆಳುವಾದ ತರುಣರಿಗೆ ಉಪವಾಸವಾಯಿತು. ನಮ್ಮ ಗುಮಾಸ್ತೆಗೆ ಅದು ಸಾಧಾರಣವಾದ ಊಟ. ಕ್ಯಾಲರಿಯ ಅಂಕಿಗೆ ತನ್ನಷ್ಟಕ್ಕೆ ತಾನೇ ಅರ್ಥವಿಲ್ಲ. ಉಣ್ಣುವವರು ಯಾರೆಂಬುದನ್ನು ತಿಳಿದ ಮೇಲೆಯೇ ಅದಕ್ಕೆ ಅರ್ಥ ಬರುವುದು. ೧೯೧೮ರಲ್ಲಿ ಲಾಸ್ ಏಂಜಲೀಸಿನ ವೈದ್ಯೆ ಲೂಲೂ ಹಂಟ್ ಪೀಟರ್ಸ್ ಕ್ಯಾಲರಿ ಎಣಿಸಿ ಉಣ್ಣುವುದನ್ನು ಕಲಿಸುವ ಪುಸ್ತಕವನ್ನು ಬರೆದು, ತೂಕ ಇಳಿಸುವವರಿಗೆ ೧,೨೦೦ ಕ್ಯಾಲರಿಯ ಅಂಕಿಯನ್ನು ಸೂಚಿಸಿದಳು. ನೂರು ವರ್ಷಗಳು ಕಳೆದರೂ ಆ ಅಂಕಿ ಬಾಯಿಂದ ಬಾಯಿಗೆ ಹರಿದುಬರುತ್ತಲೇ ಇದೆ. ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ಊರಿಗೆಲ್ಲ ತೊಡಿಸಿದರೆ ಹೇಗೋ, ಒಂದೇ ಅಂಕಿಯನ್ನು ಎಲ್ಲರಿಗೂ ವಿಧಿಸುವುದೂ ಹಾಗೆಯೇ.

ಕಡಮೆ ಮಾಡುವ ೪೦೦ ಕ್ಯಾಲರಿಗಳನ್ನು ಎಲ್ಲಿಂದ ತೆಗೆಯಬೇಕು? ಊಟವನ್ನು ಬಿಡುವ ಅಗತ್ಯವಿಲ್ಲ. ಕಾಫಿ, ಚಹಗಳಿಗೆ ದಿನಕ್ಕೆ ಆರು ಚಮಚ ಸಕ್ಕರೆ ಬಳಸುತ್ತಿದ್ದವರು ಅದನ್ನು ಎರಡಕ್ಕೆ ಇಳಿಸಿದರೆ ೮೦ ಕ್ಯಾಲರಿ ಉಳಿಯಿತು. ಅಡುಗೆಯಲ್ಲಿ ತಮ್ಮ ಪಾಲಿನ ಎಣ್ಣೆಯನ್ನು ಮೂರು ಸಣ್ಣ ಚಮಚ ತಗ್ಗಿಸಿದರೆ ೧೩೫. ಎರಡು ಹೊತ್ತಿನ ಊಟದಲ್ಲಿ ಒಟ್ಟು ೭೫ ಗ್ರಾಂ ಅಕ್ಕಿಯ ಅನ್ನವನ್ನು ಬಿಟ್ಟರೆ ಸುಮಾರು ೨೬೦. ಮೂರೂ ಸೇರಿ ೪೭೫. ಇದರಲ್ಲಿ ೭೦ ಕ್ಯಾಲರಿಗಳನ್ನು ಮೊಳಕೆ ಬರಿಸಿದ ಹೆಸರುಕಾಳಿನ ರೂಪದಲ್ಲಿ ಮರಳಿ ಎಲೆಗೆ ಬಡಿಸಿಕೊಳ್ಳಬೇಕು. ಆಹಾರ ಕಡಮೆಯಾದಾಗ ದೇಹವು ಕೊಬ್ಬಿನೊಂದಿಗೆ ಮಾಂಸಖಂಡಗಳನ್ನೂ ಕರಗಿಸುತ್ತದೆ; ಅದನ್ನು ತಡೆಯಲು ಬೇಳೆ, ಕಾಳು, ಮಜ್ಜಿಗೆ, ಮೊಟ್ಟೆ, ಮೀನುಗಳಲ್ಲಿರುವ ಸಸಾರಜನಕ ಬೇಕು. ಹೊಟ್ಟೆ ತುಂಬಿಸುವ ಸೊಪ್ಪು, ತರಕಾರಿಗಳಿಗೆ ಜಿಪುಣತನ ಮಾಡಬಾರದು. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆದರೆ ಇನ್ನೂ ಸುಮಾರು ೮೦ ಕ್ಯಾಲರಿ ವ್ಯಯವಾಗುತ್ತದೆ.

ಸೂತ್ರದಿಂದ ಬಂದ ಅಂಕಿಯು ಕೇವಲ ಅಂದಾಜು. ಆದುದರಿಂದ ವಾರಕ್ಕೊಮ್ಮೆ, ಬೆಳಗ್ಗೆ ಏನನ್ನೂ ತಿನ್ನುವ ಮೊದಲು ತೂಕ ನೋಡಿಕೊಂಡು, ನಾಲ್ಕು ವಾರಗಳ ಅನಂತರ ಗುರಿಯನ್ನು ತಿದ್ದಿಕೊಳ್ಳಬೇಕು. ಒಂದೆರಡು ದಿನಗಳ ಏರಿಳಿತವು ದೇಹದ ನೀರಿನ ಏರಿಳಿತವೇ ಹೊರತು ಕೊಬ್ಬಿನದಲ್ಲ. ತೂಕ ಇಳಿದಂತೆ ವ್ಯಯವೂ ಇಳಿಯುತ್ತದೆಂಬುದನ್ನು ಮರೆಯಬಾರದು. ಆ ಮಹಿಳೆಯ ತೂಕ ಐದು ಕಿಲೋಗ್ರಾಂ ಇಳಿದಾಗ ಅವರ ದಿನದ ವ್ಯಯ ಸುಮಾರು ೭೦ ಕ್ಯಾಲರಿ ತಗ್ಗಿರುತ್ತದೆ. ಆಗ ಇಳಿತ ಮಂದವಾದರೆ ಎದೆಗುಂದಬೇಕಾಗಿಲ್ಲ.

ವಿದ್ಯಾರ್ಥಿಗಳೇ, ಕೊನೆಯದಾಗಿ ನಿಮಗೇ ಸಂಬಂಧಿಸಿದ ಮಾತು. ಮೇಲಿನ ಲೆಕ್ಕವೆಲ್ಲ ವಯಸ್ಕರಿಗೆ. ಅದು ನಿಮಗೆ ಅನ್ವಯಿಸುವುದಿಲ್ಲ. ನಿಮ್ಮ ಮೂಳೆ ಬಲಿಯುತ್ತಿದೆ, ಎತ್ತರ ಏರುತ್ತಿದೆ, ರಕ್ತ ಹೆಚ್ಚುತ್ತಿದೆ. ೧೩ರಿಂದ ೧೫ ವರ್ಷದ ಹುಡುಗನಿಗೆ ದಿನಕ್ಕೆ ೨,೮೬೦, ಹುಡುಗಿಗೆ ೨,೪೦೦ ಕ್ಯಾಲರಿಗಳು ಬೇಕೆಂದು ಮೇಲೆ ಹೇಳಿದ ಸಂಸ್ಥೆಗಳು ತಿಳಿಸಿವೆ. ಇದು ಕುಳಿತು ದುಡಿಯುವ ನಿಮ್ಮ ತಂದೆತಾಯಿಗಳ ಅಗತ್ಯಕ್ಕಿಂತ ಹೆಚ್ಚು. ಗೆಳೆಯರ ಹಾಸ್ಯಕ್ಕೆ ನೊಂದು ಈ ವಯಸ್ಸಿನಲ್ಲಿ ಊಟ ಬಿಟ್ಟವರು ಕೊಬ್ಬನ್ನಷ್ಟೇ ಅಲ್ಲ, ಮುಂದಿನ ಆಯುಷ್ಯಕ್ಕೆ ಬೇಕಾದ ಬಲವನ್ನೂ ಕಳೆದುಕೊಳ್ಳುತ್ತಾರೆ. ತೂಕ ಮಿತಿಮೀರಿದೆಯೆಂಬ ಶಂಕೆಯಿದ್ದರೆ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಮಧುಮೇಹಕ್ಕೆ ಔಷಧಿ ಸೇವಿಸುವವರು ಕೂಡ ವೈದ್ಯರ ಸಲಹೆಯಿಲ್ಲದೆ ಊಟವನ್ನು ತಗ್ಗಿಸಬಾರದು. ಇತರರನ್ನು ಅವರ ಮೈಯಳತೆಗಾಗಿ ಹಾಸ್ಯ ಮಾಡದಿರುವುದು ನಮ್ಮೆಲ್ಲರ ಕರ್ತವ್ಯ.

ಆಯವನ್ನು ಮೀರಿ ವೆಚ್ಚ ಮಾಡುವ ಮನೆ ಸಾಲಕ್ಕೆ ಬೀಳುತ್ತದೆ. ವೆಚ್ಚಕ್ಕೆ ಹೆದರಿ ಮಕ್ಕಳಿಗೆ ಉಣಿಸದ ಮನೆ ಬಡವಾಗುತ್ತದೆ. ದೇಹವೆಂಬ ಮನೆಯೂ ಹಾಗೆಯೇ. ಅದರ ಅಗತ್ಯವನ್ನು ಅರಿತು, ಹೆಚ್ಚಾದುದನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿ, ಬೇಕಾದುದನ್ನು ತಪ್ಪದೆ ಒದಗಿಸುವವನೇ ನಿಜವಾಗಿ ಊಟ ಬಲ್ಲವನು.